ಅಪ್ಪ ಗೋಡೆ ಕೆಡವಿ ಮಾಡಿದ ಹಾಲ್

ಹಾಸನದಲ್ಲಿ ನಮ್ಮ ಪಕ್ಕದ ಮನೆಯವರು ಗೋಡೆ ಒಡೆಸುತ್ತಿದ್ದಾರೆ. ಅಡುಗೆಮನೆಯ ಕಿಟಕಿ ಎಷ್ಟು ಮುಚ್ಚಿದರೂ ಹಳೇ ಗಾರೆಯ ಪುಡಿ ಒಳಗೆ ಬಂದು ಒಗ್ಗರಣೆಯ ಘಮದ ಮೇಲೂ ಕೂತುಬಿಡುತ್ತದೆ. ಮಣ್ಣು, ಸುಣ್ಣ, ಎಷ್ಟೋ ವರ್ಷ ಗಾಳಿ ಕಾಣದ ಇಟ್ಟಿಗೆ ಎಲ್ಲಾ ಸೇರಿದ ಒಣ ವಾಸನೆ ಅದು. "ಹಾಲ್ ದೊಡ್ಡದು ಮಾಡಿಸ್ತಿದೀವಿ ಕಣ್ರೀ, ಧೂಳಿಗೆ ಬೇಜಾರು ಮಾಡ್ಕೋಬೇಡಿ" ಅಂದರು ಆ ಮನೆಯಾಕೆ, ಕಾಂಪೌಂಡಿನಾಚೆಯಿಂದ. ಬೇಜಾರೇನಿಲ್ಲ ಅಂದೆ. ಆದರೆ ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಕುಕ್ಕರ್ ಇಟ್ಟು ಹೊರಗೆ ಹೋಗುತ್ತೇನೆ, ಯಾಕೆ ಹೋದೆನೋ ತಿಳಿಯದೆ ಒಳಗೆ ಬರುತ್ತೇನೆ, ಮಡಚಿದ ಬಟ್ಟೆಯನ್ನೇ ಮತ್ತೆ ಮಡಚುತ್ತೇನೆ.

ನಾನು ಹುಟ್ಟಿ ಬೆಳೆದ ಮನೆ ಚನ್ನರಾಯಪಟ್ಟಣದಲ್ಲಿತ್ತು, ನಮ್ಮ ಕೇರಿಯ ಮೊದಲ ಮನೆ. ನಾಡಹೆಂಚಿನ ಮಾಡು, ತಲೆ ಬಗ್ಗಿಸಿ ದಾಟುವ ಬಾಗಿಲು, ಒಂದು ನಡುಮನೆ, ಅದರಾಚೆಗೆ ಅಮ್ಮನ ಕೋಣೆ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ಅಪ್ಪ ಆಫೀಸೊಂದರಲ್ಲಿ ಗುಮಾಸ್ತ. ಬುದ್ಧನ ಪಟ ತಂದು ನಡುಮನೆಯಲ್ಲಿ ತೂಗುಹಾಕಿದವನು ಅವನೇ. ಅಜ್ಜಿ ಮಾತ್ರ ಬುದ್ಧನಿಗೂ ಕೈ ಮುಗಿದು, ಮಾರಮ್ಮನಿಗೂ ಅರಿಶಿನ ಇಟ್ಟುಕೊಂಡು, ಇಬ್ಬರನ್ನೂ ನಿಭಾಯಿಸುತ್ತಿದ್ದಳು. ನನ್ನನ್ನು ಕಾನ್ವೆಂಟಿಗೆ ಹಾಕಿದ್ದರು. ಅಲ್ಲಿ ಸಿಸ್ಟರ್ 'ಹಾಲ್' ಅಂದರೆ ನಾವೆಲ್ಲ ಸಾಲಾಗಿ ನಿಂತು ಪ್ರಾರ್ಥನೆ ಮಾಡುವ, ಪಾಲಿಶ್ ವಾಸನೆಯ, ದನಿ ಎತ್ತಿದರೆ ತಿರುಗಿ ಬರುವ ಜಾಗ. ಊರಿನಲ್ಲಿ ಅದೇ ತರಹದ ಜಾಗಕ್ಕೆ ಹಿರಿಯರು ಛತ್ರ ಅನ್ನುತ್ತಿದ್ದರು, ಬಸ್ ಸ್ಟ್ಯಾಂಡಿನವರು ಚೌಟ್ರಿ ಅನ್ನುತ್ತಿದ್ದರು, ಲಗ್ನಪತ್ರಿಕೆಯಲ್ಲಿ ಅದು ಕಲ್ಯಾಣ ಮಂಟಪವಾಗುತ್ತಿತ್ತು. ನಮ್ಮ ಕೇರಿಗೆ ಅಂತ ಒಂದು ಸಮುದಾಯ ಭವನವೂ ಇತ್ತು, ಶಂಕುಸ್ಥಾಪನೆಯ ಕಲ್ಲಿನ ಮಟ್ಟಕ್ಕೆ. ಆ ಕಲ್ಲಿನ ಸುತ್ತ ಲಂಟಾನ ಬೆಳೆದಿತ್ತು. ಹೀಗೆ ಇಷ್ಟೆಲ್ಲಾ ಹೆಸರುಗಳಿದ್ದ ಊರಿನಲ್ಲಿ ನಮಗೆ ದಕ್ಕಿದ್ದು ಒಂದೇ, ಚಪ್ಪರ. ಬೀದಿಗೆ ಅಡ್ಡಲಾಗಿ ತೆಂಗಿನ ಗರಿ ಹಾಕಿದರೆ ಮುಗಿಯಿತು, ಮದುವೆ, ನಾಮಕರಣ, ತಿಥಿ ಎಲ್ಲಾ ಅದರ ಕೆಳಗೇ.

ಸುಜಾತತ್ತೆಗೆ ಮಲ್ಲಿಪಟ್ಟಣದ ಗಂಡು ಒಪ್ಪಿಗೆಯಾದಾಗ ತಕರಾರು ಬಂದಿದ್ದು ಇಲ್ಲೇ. ಅತ್ತೆ ಅಪ್ಪನ ತಂಗಿ. ಬಂದ ಗಂಡುಗಳೆಲ್ಲ ಒಂದಲ್ಲ ಒಂದು ನೆಪಕ್ಕೆ ತಪ್ಪಿಹೋಗಿ, ಯಾರಾದರೂ ನೋಡಲು ಬರುತ್ತಾರೆ ಅಂದರೆ ಸೀರೆ ಬದಲಿಸುವುದನ್ನೂ ಬಿಟ್ಟಿದ್ದಳು. ಈ ಸಲ ಮಾತ್ರ, ಗಂಡು ಬಂದು ಹೋದ ಮೇಲೆ, ಹಿತ್ತಲಲ್ಲಿ ಪಾತ್ರೆ ಬೆಳಗುತ್ತಾ ತಾನಾಗಿ ಗುನುಗುತ್ತಿದ್ದಳು. ಗಂಡಿನ ಅಪ್ಪ ಹೇಳಿಕಳಿಸಿದರು: ಸೀರೆ ಬೇಡ, ಒಡವೆ ಬೇಡ, ಮದುವೆ ಛತ್ರದಲ್ಲಾಗಬೇಕು, ಚಪ್ಪರದಲ್ಲಾದರೆ ನಾವು ಬರುವುದಿಲ್ಲ. ಅತ್ತೆಯ ಗುನುಗು ಅವತ್ತೇ ನಿಂತಿತು.

ಅಪ್ಪ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಊರೊಳಗಿನ ಛತ್ರಕ್ಕೆ ಹೋದ. ಅಲ್ಲಿ ನೋಡಿಕೊಳ್ಳುತ್ತಿದ್ದವನು ನಗುನಗುತ್ತಲೇ ಮಾತಾಡಿದ. ಹೆಸರು ಕೇಳಿದ, ಬೀದಿ ಕೇಳಿದ, ಆಮೇಲೆ "ಆವತ್ತು ಬುಕ್ ಆಗೈತೆ ಸಾ" ಅಂದ. ಅಪ್ಪ ಇನ್ನೊಂದು ಭಾನುವಾರ ಹೇಳಿದ. ಅದೂ ಆಗಿತ್ತು. ಅಪ್ಪ ಮೊದಲು ಕೇಳಿದ್ದ ಆ ದಿನ ಬಂದಾಗ ನಾವು ಬೇಕಂತಲೇ ಅದೇ ದಾರಿಯಲ್ಲಿ ಬಂದೆವು. ಛತ್ರಕ್ಕೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಒಂದು ಮೇಕೆ ಮಲಗಿತ್ತು. ಅಪ್ಪ ಸೈಕಲ್ ನಿಲ್ಲಿಸಲಿಲ್ಲ. ಮನೆಗೆ ಬಂದವನು ಅಂಗಿಯನ್ನೂ ಬಿಚ್ಚದೆ ನಡುಮನೆಗೂ ಅಮ್ಮನ ಕೋಣೆಗೂ ನಡುವಿನ ಗೋಡೆಯನ್ನು ಅಂಗೈಯಿಂದ ತಟ್ಟಿ ತಟ್ಟಿ ನೋಡಿದ. ಮಲ್ಲಿಪಟ್ಟಣಕ್ಕೆ ಹೇಳಿಕಳಿಸಿದ: ಹಾಲ್ ಆಗಿದೆ, ಬನ್ನಿ. ಯಾವ ಹಾಲ್ ಅಂತ ಹೇಳಲಿಲ್ಲ.

ಗೋಡೆ ಕೆಡವಿದವರು ಅಪ್ಪ ಮತ್ತು ನುಗ್ಗೇಹಳ್ಳಿಯಿಂದ ಬಂದ ನಮ್ಮ ಸೋದರಮಾವ. ಗಾರೆಯವನನ್ನು ಕೇಳುವ ವ್ಯವಧಾನ ಇಬ್ಬರಿಗೂ ಇರಲಿಲ್ಲ. ಅಮ್ಮ ಗೋಡೆಗೂಡಿನಲ್ಲಿದ್ದ ತನ್ನ ಬಾಚಣಿಗೆ, ಕುಂಕುಮದ ಭರಣಿ, ಹೇರ್‌ಪಿನ್ನಿನ ಡಬ್ಬಿ ಎತ್ತಿಕೊಂಡು ಎಲ್ಲಿ ಇಡುವುದು ಗೊತ್ತಾಗದೆ ಮಡಿಲಲ್ಲೇ ಕಟ್ಟಿಕೊಂಡು ಓಡಾಡಿದಳು. ಇಟ್ಟಿಗೆಯೆಲ್ಲ ಹೊರಗೆ ಹೋಗಿ, ಸಗಣಿ ಸಾರಿಸಿ, ಮಂದಲಿಗೆ ಹಾಸುವ ಹೊತ್ತಿಗೆ ಮೇಲಿನ ತೊಲೆ ಕರ್ರೆಂದಿತು. ಅದನ್ನು ಅಷ್ಟು ವರ್ಷ ಹೊತ್ತಿದ್ದದ್ದು ಆ ಗೋಡೆ ಅಂತ ಆಗ ತಿಳಿಯಿತು. ಬೆಳಗಾದರೆ ಮದುವೆ. ಮಾವ ಎಲ್ಲಿಂದಲೋ ತೆಂಗಿನ ಮರದ ಕಂಬವೊಂದನ್ನು ಹೊರಿಸಿಕೊಂಡು ಬಂದು ತೊಲೆಗೆ ಆನಿಕೆ ಕೊಟ್ಟ. ಹಾಲಿನ ನಟ್ಟನಡುವೆ ಕಂಬ! ಅಜ್ಜಿ ತಡಮಾಡದೆ ಅದಕ್ಕೆ ಅರಿಶಿನ ಬಳಿದು ಮಾವಿನ ಸೊಪ್ಪು ಕಟ್ಟಿದಳು.

"ಅವ್ವ, ಬೌದ್ಧರ ಮದ್ವೇಲಿ ಕಂಬದ ಪೂಜೆ ಇಲ್ಲ ಕಣವ್ವ" ಅಂದ ಅಪ್ಪ.

"ತೊಲೆ ಬೀಳೋವಾಗ ನಿನ್ ಬುದ್ಧಪ್ಪ ಬಂದು ಇಡ್ಕಂಡ್ನೇನ್ಲಾ? ಇದು ಇಡ್ಕಂಡೈತೆ. ಅದ್ಕೇ ಇದುಕ್ಕೆ ಕೈ ಮುಗೀತೀನಿ, ಸುಮ್ನಿರು."

ಬೀಗರು ಬಂದಿಳಿದಾಗ ಅತ್ತೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನನ್ನ ಕೈ ಹಿಡಿದು ನಿಂತಿದ್ದಳು. ಗಂಡಿನ ಅಪ್ಪ ಹೊಸ್ತಿಲಾಚೆಯೇ ನಿಂತರು. ಎತ್ತರದ ಆಳು, ಹೆಗಲ ಮೇಲೆ ಮಡಿಕೆ ಮುರಿಯದ ಬಿಳಿ ಟವೆಲು. ತೊಲೆ ನೋಡಿದರು, ಕಂಬ ನೋಡಿದರು. "ಆಲ್ ಅಂದ್ರಿ?"

"ಇದೇ ಬೀಗ್ರೇ ನಮ್ಮ ಹಾಲ್" ಅಂದ ಅಪ್ಪ. "ಛತ್ರ ಕೇಳ್ದೆ. ಕೊಡ್ಲಿಲ್ಲ. ಗೋಡೆ ಒಡ್ದೆ."

ಅವರು ಟವೆಲನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡರು. "ಸಣ್ಣೋನಾಗಿದ್ದಾಗ ನಮ್ಮಪ್ಪನ ಜತೆ ಛತ್ರಕ್ಕೆ ಎಂಜಲೆಲೆ ಎತ್ತಾಕೆ ಓಗ್ತಿದ್ದೆ. ಇತ್ಲು ಬಾಗ್ಲಿಂದ ಓಗೋದು, ಇತ್ಲು ಬಾಗ್ಲಿಂದ ಬರೋದು. ಮಗನ ಮದ್ವೇಲಾದ್ರೂ ಮುಂಬಾಗ್ಲಲ್ಲಿ ಒಳಕ್ಕೋಗ್ಬೇಕು ಅಂತಿತ್ತು. ಅಷ್ಟೇಯ." ಆಮೇಲೆ, ಅಪ್ಪನ ಮುಖವನ್ನೇ ನೋಡುತ್ತಾ, "ಇದು ಮುಂಬಾಗ್ಲೇ ತಾನೇ?" ಅಂದರು.

"ಇರೋದೇ ಇದೊಂದು ಬಾಗ್ಲು ಸಾ" ಅಂದ ಮಾವ. ಹಿತ್ತಲ ಬಾಗಿಲು ಇತ್ತು. ಯಾರೂ ತಿದ್ದಲಿಲ್ಲ.

ಅವರು ಮೆಟ್ಟು ಬಿಟ್ಟು, ತಲೆ ಬಗ್ಗಿಸಿ, ಒಳಗೆ ಬಂದರು. ಕಂಬವನ್ನು ಒಮ್ಮೆ ಅಲ್ಲಾಡಿಸಿದರು. "ವಾರೆ ನಿಲ್ಸೀರಲ್ರಪ್ಪ."

"ಒರಗ್ಕಳಾಕೆ ಸುಕ ಆಗ್ಲಿ ಅಂತ ಬೀಗ್ರೇ, ಕೂತ್ ನೋಡಿ!" ಅಂದ ಮಾವ.

ಜನ ಗೊಳ್ಳೆಂದು ನಕ್ಕರು. ಅವರು ನಿಜವಾಗಿಯೂ ಒರಗಿ ಕೂತರು. ಅತ್ತೆ ನನ್ನ ಕೈ ಬಿಟ್ಟಳು. ಆಮೇಲೆ ಬೌದ್ಧ ಭಿಕ್ಷು ಭಂತೇಜಿ ಬುದ್ಧಂ ಸರಣಂ ಅಂತ ತ್ರಿಸರಣ ಹೇಳಿಕೊಟ್ಟಿದ್ದು, ಸೇವಂತಿಗೆಯ ಜತೆ ಬಿಸಿಬೇಳೆಬಾತಿನ ವಾಸನೆ ಬೆರೆತಿದ್ದು, ಮಕ್ಕಳು ಕಂಬದ ಸುತ್ತ ತಿರುಗಿ ತಿರುಗಿ ಬಿದ್ದಿದ್ದು, ಎಲ್ಲಾ ಒಂದರ ಮೇಲೊಂದು ಬಂದು ಕಲಸಿಹೋಗಿವೆ.

ಗೋಡೆ ಮತ್ತೆ ಏಳಲಿಲ್ಲ. ಮದುವೆಯಾದ ಕೆಲವೇ ದಿನಕ್ಕೆ ಕೇರಿಯವರೊಬ್ಬರು "ನಿಮ್ ಛತ್ರ ಸಿಕ್ತದಾ ಸಾ?" ಅಂತ ಕೇಳಿಕೊಂಡು ಬಂದರು. ಅಪ್ಪ ಯಾರಿಗೂ ಇಲ್ಲವೆನ್ನಲಿಲ್ಲ. ಯಾರದೋ ನಾಮಕರಣದ ಮಧ್ಯೆ ಕೂತು ನಾನು ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿದ್ದೇನೆ. ಅಮ್ಮನಿಗೆ ಮತ್ತೆ ಕೋಣೆ ಅಂತ ಒಂದು ಆಗಲೇ ಇಲ್ಲ. ಅಡುಗೆಮನೆಯ ಕತ್ತಲಲ್ಲಿ ಸೀರೆ ಉಡುತ್ತಿದ್ದಳು. ಗೊಣಗುತ್ತಿದ್ದಳು, ಆದರೆ ಬಂದವರಿಗೆ ಚಾಪೆ ಹಾಸುವವಳೂ ಅವಳೇ.

ಅಜ್ಜಿ ಹೋದಳು, ಅಪ್ಪನೂ ಹೋದ. ರಸ್ತೆ ಅಗಲ ಮಾಡುವಾಗ ಕೇರಿಯ ಮುಂದಿನ ಸಾಲು ಪೂರ್ತಿ ಹೋಯಿತು. ಹೋದ ತಿಂಗಳು ಅಮ್ಮನನ್ನು ಆ ಕಡೆ ಕರೆದುಕೊಂಡು ಹೋಗಿದ್ದೆ. ಅವಳು ಚರಂಡಿಯ ಕಲ್ಲಿನಿಂದ ಅಳತೆ ಹಿಡಿದು, ಬಾಗಿಲು ಇಲ್ಲಿ, ಬುದ್ಧ ಅಲ್ಲಿ, ಕಂಬ ಇಗೋ ಇಷ್ಟರಲ್ಲಿ ಅಂತ ಬೆರಳು ತೋರಿಸಿದಳು. ಒಂದು ಆಟೋ ನಿಲ್ಲಿಸಿದರೆ ಮುಚ್ಚಿಹೋಗುವಷ್ಟು ಜಾಗ. ಬಸ್ಸುಗಳು ಅದರ ಮೇಲೆ ಹೋಗುತ್ತಲೇ ಇದ್ದವು. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ಇಷ್ಟೇ ಇತ್ತೇನೇ?" ಅಂದಳು. "ಅಷ್ಟೊಂದು ಜನ ಎಂಗೆ ಕೂತಿದ್ರೇ ಇದ್ರಲ್ಲಿ?"