ಪಾಚಿ ಮೇಷ್ಟ್ರು

ನಮ್ಮ ವಿಜ್ಞಾನದ ಮೇಷ್ಟ್ರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಪ್ರತಿ ಸೋಮವಾರ ಶಾಲೆಗೆ ಬರುವ ದಾರಿಯಲ್ಲಿ ಪ್ಯಾಂಟು ಮಡಚಿ ಕೆರೆಗಿಳಿದು, ಮೆಟ್ಟಿಲುಗಲ್ಲಿನ ಪಾಚಿಯನ್ನು ಉಗುರಿನಲ್ಲೇ ಕೆರೆದು ಉಪ್ಪಿನಕಾಯಿ ಬಾಟಲಿಗೆ ತುಂಬಿಕೊಳ್ಳುತ್ತಿದ್ದರು. ಶಾಲೆಗಿದ್ದ ಒಂದೇ ಸೂಕ್ಷ್ಮದರ್ಶಕದಲ್ಲಿ ಅದನ್ನು ನಮಗೆ ತೋರಿಸಿ, "ಕೆರೇಲಿ ಮೊದ್ಲು ಅಡುಗೆ ಮಾಡೋರು ಇವ್ರು ಕಣ್ರವ್ವಾ. ಮೀನು ಉಣ್ಣೋದು ಆಮೇಲೆ" ಎನ್ನುತ್ತಿದ್ದರು. ಅದೇ ಕೈಯಲ್ಲಿ ಬುತ್ತಿ ಬಿಚ್ಚುತ್ತಾರಲ್ಲ ಎಂದು ನಾವು ಹುಡುಗಿಯರು ಮುಖ ಕಿವುಚುತ್ತಿದ್ದೆವು.

ಚನ್ನಪಟ್ಟಣದ ಆಚೆಗಿರುವ ನಮ್ಮೂರ ಕೆರೆಯ ಮೇಲ್ಗಡೆ, ಬೀಗ ಚಿಲಕಗಳಿಗೆ ತಾಮ್ರ, ನಿಕಲ್ ಲೇಪಿಸುವ ಕಾರ್ಖಾನೆಯೊಂದು ಬಂತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮೆಟ್ಟಿಲ ಪಾಚಿ ಮಾಯವಾಯಿತು, ನೀರು ತಳ ಕಾಣುವಷ್ಟು ತಿಳಿಯಾಯಿತು. ಬಟ್ಟೆ ಒಗೆಯುವ ಹೆಂಗಸರಿಗೆ ಜಾರುವ ಭಯ ತಪ್ಪಿತು. ಕೆರೆಗೆ ಔಷಧಿ ಹಾಕಿಸಿದ್ದು ತಾನೇ ಎಂದು ಕಾರ್ಖಾನೆಯ ಯಜಮಾನ ಹೇಳಿಕೊಂಡ. ಊರು ನಂಬಿತು. ಶಾಲೆಯ ಮೈದಾನದಲ್ಲೇ ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನವನ್ನೂ ಮಾಡಿತು.

ಕರೆಯದೆ ಆ ವೇದಿಕೆ ಹತ್ತಿದವರು ಮೇಷ್ಟ್ರು.

"ಕೆರೆ ತಿಳಿಯಾಗಿಲ್ಲ. ಸತ್ತೈತೆ."

ಕಾರ್ಖಾನೆಯ ತಾಮ್ರ ಪಾಚಿಯನ್ನು ಕೊಂದಿದೆ, ಇನ್ನು ಮೀನಿನ ಸರದಿ ಎಂದು ಪಾಠದಂತೆ ವಿವರಿಸಿದರು. ಜನ ನಕ್ಕರು, ಪಾಚಿ ಮೇಷ್ಟ್ರು ಎಂದು ಹೆಸರಿಟ್ಟರು. ವಾರದೊಳಗೆ, ಮೇಷ್ಟ್ರು ಕುಡಿದು ಶಾಲೆಗೆ ಬರುತ್ತಾರೆಂಬ ಅರ್ಜಿ ಬರೆಸಿ ಯಜಮಾನ ಮನೆಮನೆಗೆ ಕಳಿಸಿದ. ಎಲೆಯಡಿಕೆಯನ್ನೂ ಮುಟ್ಟದ ಮನುಷ್ಯ ಅವರು. ಸಹಿ ಹಾಕಿದವರಲ್ಲಿ ನಮ್ಮಪ್ಪನೂ ಒಬ್ಬ. ಮೇಷ್ಟ್ರಿಗೆ ಕೋಡಿಹಳ್ಳಿ ಕಡೆಗೆ ಎತ್ತಂಗಡಿಯಾಯಿತು. ಕುಡುಕ ಎಂಬ ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಅಪ್ಪನ ಜೊತೆ ಬಹಳ ದಿನ ನಾನು ಮಾತಾಡಲಿಲ್ಲ. ಯಜಮಾನನನ್ನಂತೂ ಒಂದು ದಿನವೂ ಮರೆಯಲಿಲ್ಲ.

ನಾನೀಗ ನೀರು ಪರೀಕ್ಷಿಸುವ ಲ್ಯಾಬೊಂದರಲ್ಲಿದ್ದೇನೆ. ಆ ಕಾರ್ಖಾನೆಯ ಮೋರಿ ನೀರನ್ನು ನಾನೇ ಪರೀಕ್ಷಿಸಿದೆ. ತಾಮ್ರ ಸಿಕ್ಕಿತು. ವರದಿಯನ್ನು ಹಿಡಿದುಕೊಂಡು ಹೋಗಿ, ಹಾಸಿಗೆ ಹಿಡಿದಿದ್ದ ಮೇಷ್ಟ್ರಿಗೆ ಓದಿ ಹೇಳಿದೆ. ಖುಷಿಪಡುತ್ತಾರೆ ಅಂದುಕೊಂಡಿದ್ದೆ.

"ಮುಚ್ಚಿಸ್ಬ್ಯಾಡ ಕಣವ್ವಾ. ನೀರ ಶುದ್ಧ ಮಾಡಿ ಕೆರೆಗೆ ಬುಡು ಅನ್ನು, ಸಾಕು. ನಮ್ಮ ಇಸ್ಕೂಲ್ ಮಕ್ಕಳ ಅಪ್ಪಂದಿರು ಅಲ್ಲೇ ದುಡೀತಾವ್ರೆ."

ಆಗಲಿ ಎಂದು ಮಾತು ಕೊಟ್ಟೆ. ಆ ವಾರವೇ ಅವರು ತೀರಿಕೊಂಡರು. ಮೂರನೇ ದಿನದ ಹಾಲುತುಪ್ಪ ಮುಗಿಸಿಕೊಂಡು ನೇರವಾಗಿ ಹೋಗಿ ದೂರು ಕೊಟ್ಟೆ. ತಪಾಸಣೆಯಾಗಿ ಕಾರ್ಖಾನೆಯ ಗೇಟಿಗೆ ಸೀಲು ಬಿತ್ತು. ನನ್ನ ಹೊಟ್ಟೆ ತಣ್ಣಗಾಯಿತು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಯಜಮಾನ ನಮ್ಮ ಮನೆಗೆ ಬಂದ. ಮುದುಕನಾಗಿದ್ದ. ಕೂತುಕೊಳ್ಳಿ ಎಂದು ನಾನು ಹೇಳಲಿಲ್ಲ.

"ನಿಮ್ ಮೇಷ್ಟ್ರು ಇದ್ದಿದ್ರೆ ಹಿಂಗೆ ಮಾಡಕ್ಕೆ ಬುಡ್ತಿರ್ಲಿಲ್ಲ ಕಣಮ್ಮ," ಎಂದ.

"ಗೊತ್ತು. ಅದಕ್ಕೇ ಅವ್ರು ಹೋಗೋ ಗಂಟ ಕಾದೆ," ಎಂದೆ.