ಹೂಂ ಅಂದವರು ಯಾರು?

ನನಗೆ ಭಯ ಒಂದಿಷ್ಟು ಜಾಸ್ತಿ. ಜಿರಲೆಗೂ ಹೆದರುತ್ತೇನೆ, ಹೊಸ ಕುಕ್ಕರಿಗೂ ಹೆದರುತ್ತೇನೆ. ಅಂಥವಳು ಹೊಟ್ಟೆಪಾಡಿಗೆ ಮಾಡುವುದು ಯಂತ್ರಗಳ ನಡುವಿನ ರಾಜಿ ಪಂಚಾಯ್ತಿ. ಕಾರ್ಡ್‌ಲೆಸ್ ಫೋನಿನಲ್ಲಿ ಮಾತಷ್ಟೇ ಅಲ್ಲ, ಸಣ್ಣ ಸಣ್ಣ ಸಂದೇಶಗಳನ್ನೂ ಕಳಿಸಬಹುದು. ಮನೆಯಲ್ಲಿ ಕೂತು ಫೋನಿಗೆ ಸಿಗ್ನಲ್ ಕೊಡುವುದು ಒಂದು ಡಬ್ಬ. ಒಂದು ಕಂಪನಿಯ ಡಬ್ಬಕ್ಕೆ ಇನ್ನೊಂದು ಕಂಪನಿಯ ಫೋನಿನ ಮಾತು ಅರ್ಥವಾಗಬೇಕಾದರೆ ಇಬ್ಬರೂ ಒಪ್ಪುವ ನಿಯಮ ಬರೆಯಬೇಕು. ಆ ಬರೆಯುವ ಗುಂಪಿನಲ್ಲಿ ನಾನೂ ಒಬ್ಬಳು. ಸಭೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತದೆ. ಮಧ್ಯೆ ಕೂತು ನಾನು ಆರಿದ ಕಾಫಿ ಕುಡಿಯುತ್ತೇನೆ.

ಜಗಳವೆಲ್ಲ ಸಣ್ಣ ವಿಷಯಕ್ಕೇ. ಸಂದೇಶ ಕಳಿಸಿದ ಮೇಲೆ ಆ ಕಡೆಯಿಂದ ಒಂದು 'ಹೂಂ' ಬರಬೇಕಲ್ಲ, ಅದನ್ನು ಯಾರು ಅನ್ನಬೇಕು? ಡಬ್ಬ ಅಂದರೆ ಸಾಕು ಎಂದು ಒಬ್ಬರು, ಕೈಲಿರುವ ಫೋನೇ ಅನ್ನಲಿ ಎಂದು ಇನ್ನೊಬ್ಬರು. ಫೋನು ಬ್ಯಾಟರಿ ಉಳಿಸಲು ಆಗಾಗ ನಿದ್ದೆ ಹೋಗುತ್ತದೆ. ಎಬ್ಬಿಸಿ ಎಬ್ಬಿಸಿ ಹೂಂಗುಟ್ಟಿಸಿದರೆ ಚಾರ್ಜು ನಿಲ್ಲುವುದಿಲ್ಲ. ಮುಂದಿನ ಸಭೆಗೆ ನೋಡೋಣ ಎಂದು ಎಲ್ಲರೂ ಎದ್ದರು.

ಅಷ್ಟರಲ್ಲಿ ಪರೀಕ್ಷೆಗೆಂದು ಡಬ್ಬ-ಫೋನಿನ ಒಂದು ಜೋಡಿಯನ್ನು ನಮ್ಮ ಅಕ್ಕನ ಮನೆಗೆ ಹಾಕಿದ್ದೆವು. ಅಕ್ಕನ ಊರು ಕನಕಪುರದಿಂದ ಆಚೆ, ಕಾಡಂಚಿನಲ್ಲಿ. ಅಲ್ಲಿಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಆನೆ ಮಾತ್ರ ತಪ್ಪದೆ ಬರುತ್ತದೆ. ಡಬ್ಬ ಮನೆಯಲ್ಲಿ, ಫೋನು ಹಿಪ್ಪುನೇರಳೆ ತೋಟಕ್ಕೆ ಹೋಗುವ ಭಾವನ ಜೇಬಿನಲ್ಲಿ. ಆನೆ ಸುದ್ದಿ ಬಂದರೆ ಅಕ್ಕ ಡಬ್ಬದ ಗುಂಡಿ ಒತ್ತಬೇಕು, ಭಾವನ ಫೋನು ಹೊಡೆದುಕೊಳ್ಳಬೇಕು, ಡಬ್ಬದ ಮೇಲೆ ಹಸಿರು ಟಿಕ್ ಬೀಳಬೇಕು.

ನಾನು ಚನ್ನಪಟ್ಟಣದಿಂದ ಅಲ್ಲಿಗೆ ಹೋಗಿದ್ದ ದಿನ, ಹೊತ್ತು ಮುಳುಗುವ ಮುಂಚೆ ಪಕ್ಕದ ಮನೆಯ ಯಜಮಾನರು ಏದುಸಿರು ಬಿಡುತ್ತ ಬಂದರು.

"ಒಂಟಿ ಸಲಗ ಕಣವ್ವ, ಹಳ್ಳ ದಾಟ್ಬುಡ್ತು. ನಿನ್ ಗಂಡ ತೋಟದಾಗವ್ನಾ?"

ಅಕ್ಕ ಗುಂಡಿ ಒತ್ತಿದಳು. ಟಿಕ್ ಬಿತ್ತು. "ಗೊತ್ತಾಯ್ತು ಬುಡಿ ಅವ್ರಿಗೆ. ಹಿಂದ್ಲ ದಾರೀಲಿ ಬಂದ್ಬುಡ್ತಾರೆ," ಎಂದಳು.

"ಹಂಗಾರೆ ಪಟಾಕಿ ಹೊಡೀತೀವಿ," ಎಂದು ಅವರು ಹೊರಟರು. ಊರ ಕಡೆಯಿಂದ ಪಟಾಕಿ ಹೊಡೆದರೆ ಆನೆ ನುಗ್ಗುವುದು ತೋಟದೊಳಕ್ಕೇ. ತೋಟ ಖಾಲಿಯಿದ್ದರೆ ಸೊಪ್ಪು ಹಾಳಾಗುತ್ತದೆ, ಅಷ್ಟೇ.

ಆಗ ನನಗೆ ಹೊಳೆಯಿತು. ಆ ಡಬ್ಬ ತಾನೇ ಹೂಂ ಅಂದುಬಿಡುವ ಪೈಕಿ. ಭಾವನ ಜೇಬಿನಲ್ಲಿದ್ದದ್ದು ನಿದ್ದೆ ಹೋಗುವ ಪೈಕಿ. ಬರಿಗಾಲಲ್ಲೇ ಓಡಿ ಯಜಮಾನರ ತೋಳು ಹಿಡಿದುಕೊಂಡೆ.

"ಹೊಡೀಬೇಡಿ ಅಣ್ಣ. ಭಾವ ಇನ್ನೂ ಒಳಗೇ ಇರಬಹುದು."

"ಟಿಕ್ ಬಿತ್ತಲ್ಲ ತಾಯಿ?"

"ಅದು ಡಬ್ಬ ಹಾಕಿದ್ದು. ಭಾವ ಹಾಕಿದ್ದಲ್ಲ."

"ಮತ್ತೆ ಹೂಂ ಅಂದೋರ್ಯಾರು?"

"ಯಾರೂ ಅಂದಿಲ್ಲ ಅಣ್ಣ."

ಹಿಂದೆ ಬಂದು ನಿಂತಿದ್ದ ಅಕ್ಕ ಇದನ್ನು ಕೇಳಿಸಿಕೊಂಡಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಕೂಗಿ ಕರೆಯುವ ಹಾಗೂ ಇರಲಿಲ್ಲ. ಭಾವ ಓಗೊಟ್ಟು, ಆ ದನಿಯ ಕಡೆಗೆ ಸಲಗ ತಿರುಗಿದರೆ? ತೋಟದಲ್ಲಿ ಲಟಲಟ ಗಿಡ ಮುರಿಯುವ ಸದ್ದು ಕೇಳುತ್ತಿತ್ತು. ಅಕ್ಕ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬಳೆ ಚುಚ್ಚಿತು. ನಾನು ಬಿಡಿಸಿಕೊಳ್ಳಲಿಲ್ಲ. ಸದ್ದು ನಿಧಾನವಾಗಿ ಹಳ್ಳದ ಕಡೆ ಸರಿಯಿತು, ಆಮೇಲೆ ನಿಂತಿತು. ಅದು ನಿಂತಾಗ ಇನ್ನೂ ಹೆದರಿಕೆಯಾಯಿತು.

ಕತ್ತಲಾಗುವ ಹೊತ್ತಿಗೆ ಭಾವ ಬಂದರು. ಅಂಗಿಯೆಲ್ಲ ಪಾಚಿ. ಒಂದು ಚೊಂಬು ನೀರು ಕುಡಿದ ಮೇಲೆ ಮಾತು ಹೊರಟಿತು.

"ಪಂಪ್‌ಹೌಸ್ ಮ್ಯಾಲೆ ಮಕಾಡೆ ಮಲಗ್ಬುಟ್ಟಿದ್ದೆ. ಕೆಳಗೇ ನಿಂತಿತ್ತು ಕಣಮ್ಮ. ಯಾರಾದ್ರೂ ಪಟಾಕಿ ಗಿಟಾಕಿ ಹೊಡ್ದಿದ್ರೆ..."

ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಅದಕ್ಕೆ ಒಂದು ಸಂದೇಶವೂ ಬಂದಿರಲಿಲ್ಲ.

ಮಾರನೆಯ ಬೆಳಿಗ್ಗೆ, ಡಬ್ಬ ಬಿಚ್ಚಿಕೊಂಡು ಹೋಗುತ್ತೇನೆ ಎಂದೆ. ಅಕ್ಕ ಅಡ್ಡ ಬಂದಳು.

"ಬ್ಯಾಡ ಕಣೆ, ಇರ್ಲಿ. ಏನೂ ಇಲ್ದೆ ಇದ್ರೆ ಇನ್ನೂ ಭಯ. ಟಿಕ್ ಬಿದ್ರೆ ಒಸಿ ಧೈರ್ಯ ಬತ್ತದೆ."

ಸಲಗಕ್ಕೆ ಹೆದರಿದ್ದಕ್ಕಿಂತ ಹೆಚ್ಚು ನಾನು ಆ ಮಾತಿಗೆ ಹೆದರಿದೆ. ಅವಳು ಬೇಡ ಬೇಡ ಅನ್ನುತ್ತಿದ್ದಂತೆಯೇ ವೈರು ಕಿತ್ತು ಡಬ್ಬವನ್ನು ಬ್ಯಾಗಿಗೆ ತುರುಕಿದೆ. ಒಳಗೊಂದು ಬ್ಯಾಟರಿ ಇತ್ತು. ಬಸ್ಸಿನಲ್ಲಿ ಜಿಪ್ ಎಳೆದು ನೋಡಿದಾಗಲೂ ಟಿಕ್ ಹಸಿರಾಗಿಯೇ ಉರಿಯುತ್ತಿತ್ತು.