ಕೆಮ್ಮು ಕೇಳುವ ಮೈಲವ್ವ

ಚೀಲ ಹೊರುವ ನನ್ನನ್ನು ತುಂಬಿದ ಪೇಟೆಯಲ್ಲಿ ತಡೆದು, ಕೈಗೆ ಡಬ್ಬಿ ಕೊಟ್ಟು ಕಫ ಉಗುಳೆಂದ ಆಶಾ ಕಾರ್ಯಕರ್ತೆ ಮೈಲವ್ವನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕೆಮ್ಮದವರು ಯಾರು? ಘಾಟಿಗೆ ಎತ್ತುಗಳೂ ಸೀನುತ್ತವೆ. ಇವಳು ಮಾತ್ರ ಭಜನೆಯವರು ತಂಬೂರಿಯ ಶ್ರುತಿ ನೋಡುವಂತೆ ತಲೆ ಓರೆ ಮಾಡಿ ಹಮಾಲರ ಕೆಮ್ಮು ಕೇಳುತ್ತಾಳೆ. ಮದುವೆಯ ಪಂಕ್ತಿಯಲ್ಲಿ ಯಾರಾದರೂ ಕೆಮ್ಮಿದರೆ ಅವಳ ಕೈಯ ಹೋಳಿಗೆ ಅಲ್ಲೇ ನಿಲ್ಲುತ್ತದೆ. "ಇದು ಘಾಟಿನ ಕೆಮ್ಮೈತಿ, ಸುಮ್ನ ಹೋಗವಾ," ಎಂದು ರೇಗಿದೆ. "ಘಾಟಿಂದು ಮನಿಗೆ ಹೋದಮ್ಯಾಲ ನಿಲ್ಲತೈತಣ್ಣಾ. ನಿಂದು ಅಮಾಸಿಗೆ ಸುರು ಆದದ್ದು ಹುಣ್ಣಿವಿ ಬಂದ್ರೂ ನಿಂತಿಲ್ಲ," ಎಂದಳು. ಕಫದ ಪರೀಕ್ಷೆಯಲ್ಲಿ ಕ್ಷಯವೆಂದು ಗೊತ್ತಾದಾಗಲೂ ಅವಳು ದನಿ ಏರಿಸಲಿಲ್ಲ. "ಈ ಹುಳ ಭಾಳ ಮಂದಿ ಎದ್ಯಾಗ ಮಲಗಿರತೈತಿ, ಮೈ ಅದಕ್ಕ ಬೇಲಿ ಹಾಕಿರತೈತಿ. ಹೊಟ್ಟಿಗೆ ಉಣ್ಣದ, ಬೀಡಿ ಸೇದಿ ಆ ಬೇಲಿ ನೀನ ಕಿತ್ತಿ. ಗುಳಿಗಿ ತಪ್ಪಸಬ್ಯಾಡ, ಬಾಯಿಗೆ ಅರಿವಿ ಕಟ್ಟು, ಕಿಡಕಿ ತೆಗದಿಡು." ನಾನು ಗುಳಿಗೆ ತಪ್ಪಿಸಲಿಲ್ಲ. ಆದರೆ ಓಣಿಯವರು ನಮ್ಮ ಮನೆಯಿಂದ ಹೆಪ್ಪು ಒಯ್ಯುವುದನ್ನೂ ಬಿಟ್ಟರು. ನಳದ ಹತ್ತಿರ ನನ್ನ ಹೆಂಡತಿಯ ಪಕ್ಕ ಯಾರೂ ಕೊಡ ಇಡುತ್ತಿರಲಿಲ್ಲ. ಒಂದು ಸಂಜೆ ಮೈಲವ್ವ ಬಂದು ಎಲ್ಲರಿಗೂ ಕಾಣುವಂತೆ ನಮ್ಮ ಕಟ್ಟೆಯ ಮೇಲೆ ಕುಳಿತಳು. "ಚಹಾ ಮಾಡವಾ, ಅಣ್ಣ ಕುಡಿಯೋ ಕಪ್ಪಿನ್ಯಾಗ ಕೊಡು. ಈ ರೋಗ ಕೆಮ್ಮಿನ ಗಾಳಿಯಾಗ ಹಬ್ಬತೈತಿ, ಕಪ್ಪಿನ್ಯಾಗ ಅಲ್ಲ," ಎಂದು ಓಣಿಗೆಲ್ಲ ಕೇಳುವಂತೆ ಹೇಳಿ, ಅವಸರವಿಲ್ಲದೆ ಕೊನೆಯ ಗುಟುಕಿನವರೆಗೂ ಕುಡಿದಳು. ಮರುದಿನ ಎದುರುಮನೆಯ ಹೊನ್ನವ್ವ ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದಳು. ನಾನು ಗುಣವಾದ ಮೇಲೆ ಹೆಂಡತಿ ಮೈಲವ್ವನಿಗೆ ಕುಪ್ಪಸದ ಖಣ ಕೊಡಲು ಹೋದರೆ, "ಇರಲಿ ಬಿಡವಾ, ಅದರ ರೊಕ್ಕದಾಗ ಅಣ್ಣಗ ತತ್ತಿ ತಿನಸು," ಎಂದು ನಡೆದೇಬಿಟ್ಟಳು. ನಮ್ಮ ಮನೆಯ ಚಹಾ ಕುಡಿದ ಅವಳ ಋಣ ನಮ್ಮ ಮೇಲೆ ಹಾಗೇ ಇದೆ.